ಬೇಡಬಿಡಿಯವರ ಬೇಡಿಕೆ ಪತ್ರ

ನಮ್ಮ ಶಾಲೆಯ ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇರಬೇಕು. ಹಾಜರಿ ಪುಸ್ತಕದಲ್ಲಿ ಅದು ದಿನಾ ಕಾಣುತ್ತದೆ. ಆದರೆ ನಾನು ಈ ಶಾಲೆಗೆ ವಿಜ್ಞಾನ ಹೇಳಿಕೊಡಲು ಬಂದು ಹದಿನಾಲ್ಕು ವರ್ಷವಾಯಿತು, ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದನ್ನು ಕೇಳಿಲ್ಲ. ಮಕ್ಕಳಿಗೆ, ಮಕ್ಕಳ ಅಪ್ಪಂದಿರಿಗೆ, ಬೀದಿಯ ಅಂಗಡಿಯವರಿಗೆ ಎಲ್ಲರಿಗೂ ಅವರು 'ಬೇಡಬಿಡಿ ಸಾರ್'. ಕುರ್ಚಿ ಕೊಟ್ಟರೆ "ಬೇಡ ಬಿಡಿ, ನಿಂತಿರ್ತೀನಿ." ಛತ್ರಿ ಕೊಟ್ಟರೆ "ಬೇಡ ಬಿಡಿ, ಹನಿ ಅಷ್ಟೇ." ಒಮ್ಮೆ ಆಫೀಸಿನ ಕಬ್ಬಿಣದ ಕಪಾಟು ಸರಿಸುವಾಗ ಅದರ ಕಾಲು ಇವರ ಹೆಬ್ಬೆರಳಿನ ಮೇಲೆ ಕೂತುಬಿಟ್ಟಿತು. ನಾವು ನಾಲ್ಕು ಜನ ಎತ್ತಲು ಓಡಿದೆವು. ಅವರು ಹಲ್ಲು ಕಚ್ಚಿಕೊಂಡು "ಬೇಡ ಬಿಡಿ, ನಿಮಗ್ಯಾಕೆ ತೊಂದರೆ" ಎಂದರು.

ಅವರಿಗೆ ಕೆಲಸ ಬರುವುದಿಲ್ಲ ಎಂದಲ್ಲ. ಕಾಗದಪತ್ರದ ವಿಷಯದಲ್ಲಿ ಅವರನ್ನು ಮೀರಿಸುವವರು ನಮ್ಮ ಸುತ್ತಮುತ್ತ ಇಲ್ಲ. ಯಾವ ಅರ್ಜಿಗೆ ಯಾವ ಲಗತ್ತು, ಯಾವ ಮೂಲೆಯಲ್ಲಿ ಮೊಹರು, ಎಲ್ಲವೂ ನಾಲಿಗೆಯ ತುದಿಯಲ್ಲಿ. ಬೇರೆಯವರ ಪರವಾಗಿ ಬರೆಯುವಾಗ ಅವರ ಪೆನ್ನು ಹುಲಿ. ಆದರೆ ತಮಗಾಗಿ ಒಂದು ಮಾತು ಕೇಳಬೇಕೆಂದರೆ ಬಾಯಿಯೇ ಏಳುವುದಿಲ್ಲ. ಬಸ್ಸಿನಲ್ಲಿ "ಇಲ್ಲಿ ನಿಲ್ಸಿ" ಎನ್ನಲು ಬಾರದೆ ಬೇರೆ ಯಾರಾದರೂ ಇಳಿಯುವ ಕಡೆ ತಾವೂ ಇಳಿಯುತ್ತಾರೆ. ಯಾರೂ ಇಳಿಯದಿದ್ದರೆ ಕೊನೆಯ ನಿಲ್ದಾಣದವರೆಗೂ ಹೋಗಿ ನಡೆದುಕೊಂಡು ವಾಪಸು ಬರುತ್ತಾರೆ. ಅವರ ಹೆಂಡತಿ ಒಮ್ಮೆ ನನ್ನೆದುರು ಹೇಳಿಕೊಂಡರು: "ಇವರ ಹೊಟ್ಟೆ ತುಂಬಿತೋ ಇಲ್ವೋ ಅಂತ ನಾನು ತಟ್ಟೆ ನೋಡಿ ತಿಳ್ಕೋಬೇಕು ಮೇಡಂ. ಹಸುವಾದ್ರೂ ಅಂಬಾ ಅನ್ನುತ್ತೆ."

ಇದರ ಬೇರು ಎಲ್ಲಿದೆ ಎಂದು ಹೇಳಿದವರೂ ಆ ಹೆಂಡತಿಯೇ. ಗುಮಾಸ್ತರು ಏಳು ವರ್ಷದವರಿದ್ದಾಗ ಮನೆಯಲ್ಲಿ ಏನಾದರೂ ಮುಗಿದರೆ ತಾಯಿ ಅವರ ಕೈಗೆ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಅಟ್ಟುತ್ತಿದ್ದರಂತೆ. ಇವತ್ತು ಎಣ್ಣೆ, ನಾಳೆ ಸಕ್ಕರೆ. ಒಂದು ದಿನ ಪಕ್ಕದ ಮನೆಯ ಜಗುಲಿಯ ತುಂಬ ನೆಂಟರು. ಇವರು ಹೊಸ್ತಿಲ ಬಳಿ ನಿಂತದ್ದೇ ತಡ, ಆ ಮನೆಯಾಕೆ "ಬಂತು ನೋಡಿ, ಬೇಡೋ ಬಟ್ಟಲು" ಎಂದಳಂತೆ. ಜಗುಲಿಗೆ ಜಗುಲಿಯೇ ನಕ್ಕಿತು. ಇವರು ಖಾಲಿ ಬಟ್ಟಲು ಹಿಡಿದು ಮನೆಗೆ ಬಂದು "ಅವರ ಮನೇಲಿ ಯಾರೂ ಇರ್ಲಿಲ್ಲ" ಎಂದು ಸುಳ್ಳು ಹೇಳಿದರು. ಅಂದಿನಿಂದ ಯಾರ ಮುಂದೆಯೂ ಕೈ ಚಾಚಿದವರಲ್ಲ. ಇದನ್ನು ಕೇಳಿದ ಮೇಲೆ ನನಗೆ ಅವರ ಮೇಲಿನ ಸಿಟ್ಟು ಹೋಯಿತು ಎಂದರೆ ಸುಳ್ಳಾಗುತ್ತದೆ. ಪಾಪ ಅನಿಸಿತು, ಸಿಟ್ಟೂ ಉಳಿಯಿತು.

ಸಿಟ್ಟು ಉಳಿಯಲು ಕಾರಣ ಅವರ ಮಗಳು.

ಆಕೆ ನಮ್ಮ ಶಾಲೆಯ ಬೀದಿಯಲ್ಲೇ ಟೈಲರ್. ನಾಲ್ಕು ಹೊಲಿಗೆ ಮೆಷಿನ್ನು, ಗೋಡೆಗೊಂದು ಉದ್ದನೆಯ ಕನ್ನಡಿ, ಕೊರಳಲ್ಲಿ ಸದಾ ನೇತಾಡುವ ಅಳತೆ ಟೇಪು. ಮಕ್ಕಳ ಸಮವಸ್ತ್ರವೆಲ್ಲ ಅಲ್ಲೇ ಹೊಲಿಯುವುದು. ನನ್ನ ಕುಪ್ಪಸದ ಅಳತೆ ತೆಗೆದುಕೊಳ್ಳುತ್ತಾ, ಗುಂಡುಸೂಜಿಯನ್ನು ತುಟಿಯ ನಡುವೆ ಕಚ್ಚಿಕೊಂಡೇ ಆಕೆ ಆ ಕತೆ ಹೇಳಿದ್ದಳು. ಅವಳು ಒಂಬತ್ತನೇ ತರಗತಿ ಮುಗಿಸಿದಾಗ ಇಲ್ಲಿ ಹತ್ತನೇ ತರಗತಿ ಇರಲಿಲ್ಲ. ಹೆದ್ದಾರಿಯ ಆಚೆಯ ದೊಡ್ಡ ಶಾಲೆಗೆ ಹೋಗಬೇಕಿತ್ತು. ಹೋಗಿಬರುವಂಥ ಬಸ್ಸಿಲ್ಲ. ಆದರೆ ಸೋದರಮಾವನ ಮನೆ ಆ ಶಾಲೆಯ ಬೆನ್ನಿಗೇ ಇತ್ತು. ಒಂದು ವರ್ಷ ಹುಡುಗಿಯನ್ನು ಇಟ್ಟುಕೊಳ್ಳಿ ಎಂದು ಅಪ್ಪ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಪ್ಪ ಹೋದರು. ಕೂತರು. ಕೊಟ್ಟ ಕಾಫಿಯನ್ನು ಬೇಡ ಬಿಡಿ ಎಂದರು. ಹವಾಮಾನದ ಬಗ್ಗೆ ಒಂದು ಗಂಟೆ ಮಾತಾಡಿ ವಾಪಸು ಬಂದರು.

"ಅತ್ತೆ ನನಗೋಸ್ಕರ ಒಂದು ಕೋಣೆ ಗುಡಿಸಿ ಇಟ್ಟಿದ್ರಂತೆ ಮೇಡಂ. ಆಮೇಲೆ ಗೊತ್ತಾಯ್ತು," ಎಂದು ಅವಳು ಗುಂಡುಸೂಜಿಯನ್ನು ಬಾಯಿಂದ ತೆಗೆದು ನನ್ನ ತೋಳಿಗೆ ಸಿಕ್ಕಿಸಿದಳು. ಬಟ್ಟೆಗೆ ಸಿಕ್ಕಿಸಬೇಕಿತ್ತು. ನಾನು ಕಿರುಚಲಿಲ್ಲ.

ಅವಳಿಗೆ ಈಗ ಒಬ್ಬಳು ಮಗಳು. ನಮ್ಮಲ್ಲೇ ಒಂಬತ್ತನೇ ತರಗತಿ. ಮುತ್ತಿನಂಥ ಅಕ್ಷರ, ಕತ್ತರಿಯಂಥ ಬಾಯಿ. ಮೊದಲನೆಯದು ತಾತನಿಂದ ಬಂದದ್ದು, ಎರಡನೆಯದು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಈ ವರ್ಷ ಮೇಲಿನ ಕಚೇರಿಯಿಂದ ಒಂದು ಆದೇಶ ಬಂತು. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಹತ್ತನೇ ತರಗತಿಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸಲಾಗುವುದು. ಆದರೆ ಬೀದಿಯ ಮೂರು ಉದ್ಯಮಗಳಾದರೂ ಶಾಲೆಯ ಬೆಂಬಲಕ್ಕೆ ನಿಂತು, ಮಕ್ಕಳಿಗೆ ಕೈಕೆಲಸದ ಕಲಿಕೆಯನ್ನೋ ಜಾಗವನ್ನೋ ಸಲಕರಣೆಯನ್ನೋ ಒದಗಿಸುವುದಾಗಿ ಸಹಿ ಮಾಡಿದರೆ ತರಗತಿ ಇದ್ದಲ್ಲೇ ಉಳಿಯಬಹುದು. ಮುಂದಿನ ವರ್ಷ ಹತ್ತಕ್ಕೆ ಹೋಗಬೇಕಾದ ನಮ್ಮ ಒಂಬತ್ತನೇ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು. ಅದರಲ್ಲಿ ಹನ್ನೆರಡು ಹುಡುಗಿಯರು. ಈಗ ಹೆದ್ದಾರಿಯ ಆಚೆಗೆ ಬಸ್ಸು ಇದೆ, ಆದರೆ ಮರಳಿ ಬರುವ ಕೊನೆಯ ಬಸ್ಸು ಆ ಶಾಲೆ ಬಿಡುವುದಕ್ಕೆ ಅರ್ಧ ಗಂಟೆ ಮೊದಲೇ ಹೊರಡುತ್ತದೆ. ಸೋದರಮಾವ ತೀರಿಕೊಂಡು, ಆ ಮನೆಯೂ ಕೈಬಿಟ್ಟು ಎಷ್ಟೋ ಕಾಲವಾಗಿದೆ. ತರಗತಿ ಹೋದರೆ ಟೈಲರಮ್ಮನ ಮಗಳೂ ಅಮ್ಮನ ಹಾಗೆ ಒಂಬತ್ತಕ್ಕೇ ನಿಲ್ಲುತ್ತಿದ್ದಳು. ಉಳಿದ ಹನ್ನೊಂದು ಹುಡುಗಿಯರ ಗತಿಯೂ ಅದೇ.

ಈ ಕೆಲಸಕ್ಕೆ ಹೆಡ್ ಮೇಡಂ ಯಾರನ್ನು ನೇಮಿಸಿದರು ಗೊತ್ತೇ? ಬೇಡಬಿಡಿಯವರನ್ನು. "ಬೀದೀಲಿ ಅವರಿಗೆ ಒಳ್ಳೆ ಹೆಸರಿದೆ," ಎಂಬುದು ಅವರ ಸಮಜಾಯಿಷಿ. ಒಳ್ಳೆಯ ಹೆಸರು ಹೇಗೆ ಬಂತು ಎಂದು ಅವರು ಯೋಚಿಸಲಿಲ್ಲ. ಏನೂ ಕೇಳದವರಿಗೆ ಎಲ್ಲ ಕಡೆಯೂ ಒಳ್ಳೆಯ ಹೆಸರೇ. ನೇಮಕದ ಪತ್ರ ಮೇಲಿನ ಕಚೇರಿಗೂ ಹೋಗಿಬಿಟ್ಟಿತು. ಗುಮಾಸ್ತರು ಅದನ್ನು ತಾವೇ ಟೈಪು ಮಾಡಿ, ತಾವೇ ಲಕೋಟೆಗೆ ಹಾಕಿ, ಮುಖ ಸಪ್ಪೆ ಮಾಡಿಕೊಂಡು ಅಂಚೆಗೆ ಕೊಟ್ಟು ಬಂದರು. ಬೇಡ ಎನ್ನಬೇಕಾದ ಒಂದೇ ಒಂದು ಸಲ ಅವರ ಬಾಯಿಂದ ಬೇಡ ಎಂಬ ಮಾತು ಬರಲಿಲ್ಲ.

ಮೊದಲ ವಾರ ಅವರು ದಿನಾ ಸಂಜೆ ಬೀದಿಗೆ ಹೋದರು. ಸೋಮವಾರ ಬೇಕರಿಗೆ ಹೋಗಿ ಆರು ಬನ್ನು ತಂದರು. ಮಂಗಳವಾರ ಎಂಟು ಬನ್ನು. ಬುಧವಾರ ಬನ್ನು ಮುಗಿದಿತ್ತಂತೆ, ರಸ್ಕಿನ ದೊಡ್ಡ ಪೊಟ್ಟಣ ತಂದರು. ಏನಾಯಿತು ಎಂದು ಹೆಡ್ ಮೇಡಂ ಕೇಳಿದರೆ "ಮಾತು ಶುರು ಮಾಡಿದ್ದೀನಿ ಮೇಡಂ" ಎನ್ನುವರು. ಪಂಕ್ಚರ್ ಅಂಗಡಿಯಲ್ಲೂ ಇದೇ ಕತೆ. ಆ ಅಂಗಡಿಯವನು "ಏನ್ ಸಾರ್?" ಎಂದ ಕೂಡಲೇ ಇವರು "ಸ್ವಲ್ಪ ಗಾಳಿ" ಎಂದುಬಿಡುತ್ತಿದ್ದರು. ಒಂದೇ ವಾರದಲ್ಲಿ ಸೈಕಲ್ಲಿಗೆ ಐದು ಸಲ ಗಾಳಿ ಹಾಕಿಸಿದರೆ ಅದು ತಾನೇ ಏನು ಮಾಡೀತು? ಶನಿವಾರ ಪ್ರಾರ್ಥನೆಯ ಹೊತ್ತಿಗೆ, ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದಾಗ, ಹಿಂದಿನ ಟೈರು ಢಮ್ಮೆಂದಿತು. ಒಂದನೇ ತರಗತಿಯ ಮಕ್ಕಳು ಚಪ್ಪಾಳೆ ತಟ್ಟಿದವು.

ಸ್ಟಾಫ್ ರೂಮಿನಲ್ಲಿ ನಾವು ಬನ್ನು ತಿಂದು ತಿಂದು ಬೇಸತ್ತೆವು. ನಾನೇ ಒಂದು ದಿನ ತಡೆಯಲಾರದೆ "ಸಾರ್, ನೀವು ಕೇಳೋಕೆ ಹೋಗ್ತಿದ್ದೀರೋ, ವ್ಯಾಪಾರ ಮಾಡೋಕೆ ಹೋಗ್ತಿದ್ದೀರೋ?" ಎಂದೆ. ಅವರು ಉಳಿದ ರಸ್ಕನ್ನು ನನ್ನ ಕಡೆ ಸರಿಸಿದರು.

ಎರಡನೇ ವಾರ ಮೇಲಿನಿಂದ ಅಚ್ಚಾದ ನಮೂನೆಗಳು ಬಂದವು. ತಲೆಬರಹ 'ಸಹಭಾಗಿತ್ವ ಪತ್ರ'. ಕೆಳಗೆ ಎರಡು ಕಲಂ. ಎಡಗಡೆ 'ಸಂಸ್ಥೆಯ ಬೇಡಿಕೆಗಳು', ಬಲಗಡೆ 'ಬೇಡಿಕೆ ಪೂರೈಸುವವರು'. ಅಷ್ಟೇ. ನಮ್ಮ ಕಚೇರಿ ಭಾಷೆಯಲ್ಲಿ ಸಂಸ್ಥೆ ಎಂದರೆ ಏನು ಬೇಕಾದರೂ ಆಗಬಹುದು. ಶಾಲೆಯೂ ಸಂಸ್ಥೆ, ಬೇಕರಿಯೂ ಸಂಸ್ಥೆ, ಸತ್ತವರ ನೆನಪಿಗೆ ಕಟ್ಟಿದ್ದೂ ಸಂಸ್ಥೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ಶಾಲೆ. ಬೇಡಬಿಡಿಯವರು ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ಓದಿದರು. ಓದುತ್ತಾ ಓದುತ್ತಾ ಅವರ ಮುಖದಲ್ಲಿ ಕಳೆ ಬಂತು. ಆ ಹೊತ್ತಿಗೆ ನನಗೆ ಅದರ ಕಾರಣ ತಿಳಿಯಲಿಲ್ಲ.

ಮರುದಿನವೇ ಎರಡು ಪತ್ರ ತುಂಬಿಸಿ, ಸಹಿ ಹಾಕಿಸಿ ತಂದರು. ಬನ್ನು ತರಲಿಲ್ಲ. ಹೆಡ್ ಮೇಡಂ ಖುಷಿಯಲ್ಲಿ ತಮ್ಮ ಸಹಿಯನ್ನೂ ಗೀಚಿದರು. ಬೇಡಬಿಡಿಯವರು ತಂದ ಕಾಗದವನ್ನು ಓದಿ ಸಹಿ ಹಾಕುವ ಅಭ್ಯಾಸ ನಮ್ಮ ಶಾಲೆಯಲ್ಲಿ ಯಾರಿಗೂ ಇಲ್ಲ.

ಮಾರನೇ ಬೆಳಿಗ್ಗೆ ಬೇಕರಿಯವನು ನನ್ನ ತರಗತಿಯ ಬಾಗಿಲಲ್ಲಿ ನಿಂತಿದ್ದ. ಏಪ್ರನ್ನಿನ ತುಂಬ ಹಿಟ್ಟು.

"ಯಾವಾಗ ಬರ್ತೀರಿ ಮೇಡಂ?"

"ಎಲ್ಲಿಗೆ?"

"ನಮ್ಮ ಒಲೆ ನೋಡೋಕೆ. ಬಲಗಡೆ ಸೀಯುತ್ತೆ, ಎಡಗಡೆ ಹಸಿ ಉಳಿಯುತ್ತೆ. ನೀವು ಬಂದು ಸರಿ ಮಾಡ್ತೀರಿ ಅಂತ ಸಾರ್ ಬರ್ಕೊಂಡು ಹೋಗಿದ್ದಾರಲ್ಲ."

ನಾನು ಆಫೀಸಿಗೆ ಓಡಿ ಪತ್ರದ ನಕಲು ತೆಗೆದು ನೋಡಿದೆ. ಎಡಗಡೆ ಸಂಸ್ಥೆಯ ಬೇಡಿಕೆಗಳು ಎಂಬಲ್ಲಿ ಬೇಡಬಿಡಿಯವರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: 'ಒಂದು, ಒಲೆಯ ಶಾಖ ಎಲ್ಲ ಕಡೆ ಸಮನಾಗಿ ಹರಡುವಂತೆ ವಿಜ್ಞಾನ ಶಿಕ್ಷಕಿಯವರು ಪರಿಶೀಲಿಸುವುದು. ಎರಡು, ಕೇಕಿನ ಮೇಲಿನ ಬರಹ ತಪ್ಪಿಲ್ಲದೆ ಇರುವಂತೆ ವಿದ್ಯಾರ್ಥಿಗಳು ನೋಡಿಕೊಳ್ಳುವುದು. ಮೂರು, ಬಿಡುವಿನ ವೇಳೆಯಲ್ಲಿ ಮಕ್ಕಳು ಒಟ್ಟಿಗೆ ನುಗ್ಗದೆ ಸಾಲಾಗಿ ಬರುವುದು.' ಬಲಗಡೆ ಪೂರೈಸುವವರು ಎಂಬಲ್ಲಿ ನಮ್ಮ ಶಾಲೆಯ ಹೆಸರು, ಮೊಹರು, ಹೆಡ್ ಮೇಡಂ ಸಹಿ.

"ಏನ್ ಸಾರ್ ಇದು? ಅವರು ನಮಗೆ ಬೆಂಬಲ ಕೊಡಬೇಕಾಗಿದ್ದು. ನಾವು ಅವರಿಗಲ್ಲ," ಎಂದೆ. ನನ್ನ ದನಿ ಪಕ್ಕದ ತರಗತಿಗೂ ಕೇಳಿಸಿತಂತೆ.

"ಸಂಸ್ಥೆ ಅಂದ್ರೆ ಉದ್ಯಮ ಸಂಸ್ಥೆ ಅಲ್ವಾ ಮೇಡಂ?" ಎಂದರು ಮೆಲ್ಲಗೆ. "ಶಾಲೆ ಆಗಿದ್ರೆ ಶಾಲೆ ಅಂತಾನೇ ಹಾಕ್ತಿದ್ರು."

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೆಯೇ ಓದಿಕೊಂಡಿದ್ದರು. ಮನುಷ್ಯನಿಗೆ ಒಂದು ಮಾತು ಹೇಗೆ ಬೇಕೋ ಹಾಗೆ ಅರ್ಥವಾಗುತ್ತದೆ, ಅದರಲ್ಲೂ ಇನ್ನೊಂದು ಅರ್ಥಕ್ಕೆ ಹೆದರಿಕೊಂಡಿದ್ದರೆ. ನಿಮಗೇನು ಬೇಕು ಎಂದು ಬೇರೆಯವರನ್ನು ಕೇಳುವುದು ಅವರಿಗೆ ನೀರು ಕುಡಿದಷ್ಟು ಸಲೀಸು.

ಹೆಡ್ ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು. ಆದರೆ ಸಹಿ ಹಾಕಿದ ಮೇಲೆ ಏನು ಮಾಡುವುದು? ಪತ್ರಗಳೂ ಆಗಲೇ ಮೇಲಿನ ಕಚೇರಿಗೆ ಹೋಗಿಯಾಗಿತ್ತು. ಅಲ್ಲಿ ಯಾರು ಓದುತ್ತಾರೆ ಬಿಡಿ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡು ಬೇಡಿಕೆ ಪೂರೈಸಲು ಹೊರಟೆವು.

ನಾನು ಹತ್ತೊಂಬತ್ತು ಮಕ್ಕಳನ್ನೂ ಕರೆದುಕೊಂಡು, ಲ್ಯಾಬಿನ ಇದ್ದೊಂದು ಥರ್ಮಾಮೀಟರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೇಕರಿಗೆ ಹೋದೆ. ಒಲೆಯ ಬಾಯಿಗೆ ಹಿಡಿದ ಕೂಡಲೇ ಥರ್ಮಾಮೀಟರು ಒಡೆಯಿತು. ಅದು ಜ್ವರ ನೋಡುವಷ್ಟರದು ಎಂದು ನನಗೆ ಗೊತ್ತಿರಬೇಕಿತ್ತು. ಮಕ್ಕಳೆಲ್ಲ ನನ್ನ ಮುಖ ನೋಡಿದರು. ಆಮೇಲೆ ಟೈಲರಮ್ಮನ ಮಗಳು ತಟ್ಟೆಯ ಮೇಲೆ ಬ್ರೆಡ್ಡಿನ ಚೂರುಗಳನ್ನು ಸಾಲಾಗಿ ಇಟ್ಟು ಒಳಗೆ ತಳ್ಳಿದಳು. ಯಾವುದು ಎಷ್ಟು ಹೊತ್ತಿಗೆ ಕಪ್ಪಾಗುತ್ತದೆ ಎಂದು ಎಲ್ಲರೂ ಎಣಿಸಿದರು. ಎಡಗಡೆ ಬಾಗಿಲಿನ ಸಂದಿಯಿಂದ ಶಾಖ ಸೋರುತ್ತಿತ್ತು. ಮಣ್ಣು ಮೆತ್ತಿದರು, ಸರಿಹೋಯಿತು. ನಾನು ಎರಡು ವರ್ಷದಿಂದ ಬೋರ್ಡಿನ ಮೇಲೆ ಬರೆದು ಹೇಳಿದ್ದರೂ ತಲೆಗೆ ಹೋಗದ ಪಾಠ ಆ ದಿನ ಹೋಯಿತು. ನನಗೆ ಸಂತೋಷವಾಯಿತು, ಸ್ವಲ್ಪ ಅವಮಾನವೂ ಆಯಿತು.

ಕೇಕಿನ ವಿಷಯ ಇನ್ನೂ ದೊಡ್ಡದು. ಬೇಕರಿಯವನ ಕೈ ಒಳ್ಳೆಯದು, ಅಕ್ಷರ ಕೆಟ್ಟದ್ದು. ಹುಟ್ಟುಹಬ್ಬಕ್ಕೆ ಎರಡು ಮಹಾಪ್ರಾಣ ಹಾಕಿ 'ಹುಟ್ಟುಹಭ್ಭ' ಮಾಡುತ್ತಿದ್ದ. ಅದನ್ನು ಜನ ಸಹಿಸಿಕೊಂಡಿದ್ದರು. ಆದರೆ ಹೋದ ವರ್ಷ ಯಾರೋ ಗಂಡಹೆಂಡಿರ ಕೇಕಿನ ಮೇಲೆ ವಿವಾಹ ಎಂದು ಬರೆಯಲು ಹೋಗಿ 'ವಿವಾದ ವಾರ್ಷಿಕೋತ್ಸವದ ಶುಭಾಶಯಗಳು' ಎಂದು ಬರೆದಿದ್ದ. "ಹೆಂಡತಿ ನಕ್ಕಳು ಮೇಡಂ, ಗಂಡ ನಗಲಿಲ್ಲ. ಅಲ್ಲೇ ಶುರುವಾಯ್ತು," ಎಂದ. ಈಗ ಗುಮಾಸ್ತರ ಮೊಮ್ಮಗಳು ಶನಿವಾರ ಮಧ್ಯಾಹ್ನ ಕ್ರೀಮಿನ ಕೊಳವೆ ಹಿಡಿದು ಬರೆಯತೊಡಗಿದಳು. ಬೇರೆ ಬೀದಿಯವರೂ ಅಕ್ಷರ ನೋಡಿ ಕೇಕು ತೆಗೆದುಕೊಂಡು ಹೋಗುವಂತಾಯಿತು.

ಪಂಕ್ಚರ್ ಅಂಗಡಿಯವನ ಬೇಡಿಕೆ ಒಂದೇ, ಹೊಸ ಬೋರ್ಡು. ಅವನ ಹಳೆಯ ಬೋರ್ಡಿನಲ್ಲಿ 'ಇಲ್ಲಿ ಪಂಚರ್ ಹಾಕಲಾಗುವುದು' ಎಂದಿತ್ತು. ಹೆಡ್ ಮೇಡಂ ಕನ್ನಡ ಪಾಠ ಹೇಳುವವರು. "ಹಾಕಲಾಗುವುದು ಅಂದ್ರೆ ನೀನೇ ಮೊಳೆ ಚುಚ್ಚಿ ಹಾಕೋ ಹಾಗಾಯ್ತಲ್ಲಪ್ಪ. ತೆಗೆಯಲಾಗುವುದು ಅಂತ ಬರೆಸು," ಎಂದರು. ಅವನು ತಲೆ ಕೆರೆದುಕೊಂಡ. "ತೆಗೆಯೋದು ಅಂದ್ರೆ ಜನಕ್ಕೆ ಅರ್ಥ ಆಗಲ್ಲ ಮೇಡಂ. ಇಪ್ಪತ್ತು ವರ್ಷದಿಂದ ಹಾಕಿಸ್ಕೊಂಡೇ ಹೋಗ್ತಿದ್ದಾರೆ." ಮೂರು ದಿನ ಚರ್ಚೆಯಾಯಿತು. ಕೊನೆಗೆ ಮಕ್ಕಳು ಬರೀ ಒಂದು ಟೈರಿನ ಚಿತ್ರ ಬರೆದುಕೊಟ್ಟರು.

ಹೀಗೆ ಒಂದು ತಿಂಗಳು ಶಾಲೆ ಬೀದಿಯನ್ನು ಸಾಕಿತು. ತಿಂಗಳ ಕೊನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಮೇಲಿನ ಕಚೇರಿಯ ಸಾಹೇಬರು ಬಂದಿಳಿದರು. ಕೈಯಲ್ಲಿ ನಮ್ಮ ಎರಡು ಪತ್ರ. ಅವರು ಓದಿದ್ದರು.

"ಒಲೆಯ ಶಾಖ," ಎಂದು ಶುರು ಮಾಡಿ ಮುಂದೆ ಓದಲಾಗದೆ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಾವೂ ನಕ್ಕೆವು, ಸಾಹೇಬರು ನಕ್ಕಾಗ ನಗಬೇಕಲ್ಲ. ಆಮೇಲೆ ಅವರು ಕನ್ನಡಕ ಹಾಕಿಕೊಂಡರು. "ನೋಡಿ, ನೀವು ಮಾಡಿದ್ದು ತಪ್ಪಲ್ಲ. ಆದ್ರೆ ಇದು ನಡೆಯಲ್ಲ. ಶಾಲೆಗೆ ಯಾರು ಬೆಂಬಲ ಕೊಟ್ಟರು ಅಂತ ನಾನು ಬರೀಬೇಕು. ಸಂಜೆ ಐದಕ್ಕೆ ಪಟ್ಟಿ ಮುಗಿಯುತ್ತೆ. ನಾನು ಇನ್ನೊಂದು ಶಾಲೆ ನೋಡ್ಕೊಂಡು ನಾಲ್ಕಕ್ಕೆ ಬರ್ತೀನಿ. ಮೂರು ಪತ್ರ, ಸರಿಯಾಗಿ. ಇಲ್ಲಾಂದ್ರೆ ಹತ್ತನೇ ಕ್ಲಾಸು ಹೋಯ್ತು ಅಂತ ತಿಳ್ಕೊಳ್ಳಿ." ಮೂರು ಖಾಲಿ ನಮೂನೆಗಳನ್ನು ಮೇಜಿನ ಮೇಲಿಟ್ಟು ಹೊರಟರು.

ನಾನು ಕೈ ಚಾಚುವ ಮೊದಲೇ ಬೇಡಬಿಡಿಯವರು ಅವನ್ನು ಎತ್ತಿಕೊಂಡರು. "ತಪ್ಪು ನನ್ನದು. ನಾನೇ ಹೋಗ್ತೀನಿ," ಎಂದರು. ಬನ್ನು ಹಿಡಿದು ವಾಪಸು ಬಂದಾರು ಎಂಬ ಭಯದಿಂದ ನಾನೂ ಜೊತೆಗೆ ಹೊರಟೆ.

ಬೇಕರಿಯ ಮುಂದೆ ನಿಂತಾಗ ಮಧ್ಯಾಹ್ನ ಎರಡೂವರೆ.

"ಬನ್ನಾ ಸಾರ್?" ಎಂದ ಬೇಕರಿಯವನು.

"ಎರಡು," ಎಂದರು ಬೇಡಬಿಡಿಯವರು.

ನಾನು ಕೆಮ್ಮಿದೆ. ಅವರು ಜೇಬಿಗೆ ಹಾಕಿದ ಕೈಯನ್ನು ಹಿಂದೆಗೆದರು. ನಾನೇ ಬಾಯಿ ಹಾಕೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ, ಅವರು ಕೈ ಅಡ್ಡ ಹಿಡಿದರು.

"ಬನ್ನು ಬೇಡ," ಎಂದರು. "ನಮಗೆ ಬೇಕು."

"ಏನು ಬೇಕು ಸಾರ್?"

"ವಾರಕ್ಕೆ ಒಂದು ದಿನ ನಿಮ್ಮ ಒಲೆ ಬೇಕು. ಮಕ್ಕಳು ಬಂದು ಕಲಿಯೋಕೆ. ನೀವೂ ಜೊತೆಗೆ ನಿಂತು ಹೇಳಿಕೊಡಬೇಕು."

ಬೇಕರಿಯವನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ. ಒಳಗೆ ತಿರುಗಿ "ಅಣ್ಣಾ, ಬಾ ಇಲ್ಲಿ. ಬೇಡಬಿಡಿ ಸಾರ್ ಬೇಕು ಅಂದ್ರು," ಎಂದು ಕೂಗಿದ. ಅಣ್ಣ ಬಂದ, ಅತ್ತಿಗೆ ಬಂದಳು, ಬ್ರೆಡ್ಡು ಕೊಳ್ಳಲು ಬಂದವರಿಬ್ಬರು ನಿಂತು ನೋಡಿದರು. ಗುಮಾಸ್ತರ ಕಿವಿ ಕೆಂಪಾಗಿತ್ತು. ಅಣ್ಣ ತಮ್ಮ ಇಬ್ಬರೂ ಸಹಿ ಹಾಕಿದರು. ಒಂದೇ ಸಾಕು ಎಂದರೂ ಕೇಳಲಿಲ್ಲ.

ಪಂಕ್ಚರ್ ಅಂಗಡಿಯಲ್ಲಿ ಅಷ್ಟು ಕಷ್ಟವಾಗಲಿಲ್ಲ. "ಗಾಳಿನಾ ಸಾರ್?" ಎಂದಾಗ ಅವರು ಸೈಕಲ್ಲೇ ತಂದಿಲ್ಲವೆಂದು ನೆನಪಿಸಿಕೊಂಡು ನೇರ ವಿಷಯಕ್ಕೆ ಬಂದರು. ಅವನು ಗ್ರೀಸಿನ ಕೈಯಲ್ಲೇ ಸಹಿ ಮಾಡಿ, ಮೊಹರಿನ ಬದಲು ಹೆಬ್ಬೆರಳು ಒತ್ತಿಕೊಟ್ಟ. ಹಳೆಯ ಸೈಕಲ್ಲು ಬಿಚ್ಚಿ ಜೋಡಿಸುವುದನ್ನು ಮಕ್ಕಳಿಗೆ ಕಲಿಸುತ್ತೇನೆ ಎಂದ.

ಮೂರನೆಯದಕ್ಕೆ ನಾವು ಬೀದಿಯನ್ನೆಲ್ಲ ಅಲೆದೆವು. ಪ್ರಿಂಟಿಂಗ್ ಪ್ರೆಸ್ಸಿಗೆ ಬೀಗ. ಔಷಧಿ ಅಂಗಡಿಯವನು ಮಾಲೀಕರು ಊರಲ್ಲಿಲ್ಲ ಎಂದ. ಪಾತ್ರೆ ಅಂಗಡಿಯವನು ನಾಳೆ ಬನ್ನಿ ಎಂದ. ಮೂರೂವರೆಯಾಯಿತು. ಬೀದಿಯಲ್ಲಿ ಉಳಿದಿದ್ದು ಒಂದೇ ಬಾಗಿಲು. ಇಬ್ಬರಿಗೂ ಅದು ಗೊತ್ತಿತ್ತು.

"ಆ ಕಡೆ ಬೇಡ ಬಿಡಿ ಮೇಡಂ," ಎಂದರು.

ನಾನು ಕೈಗಡಿಯಾರ ತೋರಿಸಿದೆ. ಬೈಯಬೇಕೆಂದು ಬಾಯಿ ತೆರೆದವಳು ಬೈಯಲಿಲ್ಲ. ಅವರು ತಾವೇ ಮುಂದೆ ನಡೆದರು.

ಮಗಳು ಮೆಷಿನ್ನು ತುಳಿಯುತ್ತಿದ್ದಳು. ಸುದ್ದಿ ನಮಗಿಂತ ಮೊದಲೇ ಬಂದಿತ್ತು.

"ಬೇಕರೀಲಿ ಬೇಕು ಅಂದ್ರಂತೆ," ಎಂದಳು ತಲೆಯೆತ್ತದೆ.

ಇವರು ಕಾಗದವನ್ನು ಅವಳ ಮುಂದೆ ಇಟ್ಟರು. ಅವಳು ಅದನ್ನು ಬೆರಳಲ್ಲಿ ಹಿಂದಕ್ಕೆ ಸರಿಸಿದಳು. "ಇದೆಲ್ಲ ನನಗೆ ಓದೋಕೆ ಬರಲ್ಲ ಅಪ್ಪಾ. ಒಂಬತ್ತಕ್ಕೇ ಬಿಟ್ಟವಳು. ಏನು ಬೇಕು ಅಂತ ಬಾಯ್ಬಿಟ್ಟು ಹೇಳಿ."

ಮೆಷಿನ್ನು ಟಕಟಕ ಓಡುತ್ತಲೇ ಇತ್ತು. ನನಗೆ ಅಲ್ಲಿಂದ ಹೊರಟುಹೋಗಬೇಕೆನಿಸಿತು, ಆದರೆ ನಾಲ್ಕು ಗಂಟೆಯ ಚಿಂತೆ ಕಾಲು ಹಿಡಿದಿತ್ತು.

"ಮಕ್ಕಳಿಗೆ ಹೊಲಿಗೆ ಕಲಿಸ್ಬೇಕು," ಎಂದರು. "ವಾರಕ್ಕೆ ಎರಡು ದಿನ."

"ಯಾರಿಗೋಸ್ಕರ ಕೇಳ್ತಿದ್ದೀರಿ?"

"ಶಾಲೆಗೆ."

ಮೆಷಿನ್ನು ನಿಲ್ಲಲಿಲ್ಲ.

"ಮೊಮ್ಮಗಳಿಗೆ," ಎಂದರು. ಆಮೇಲೆ, "ನಿನಗೆ," ಎಂದರು. "ಆವತ್ತು ನಿಮ್ಮ ಮಾವನ ಮನೇಲಿ ಕೇಳಬೇಕಾಗಿತ್ತು. ಬಾಯಿ ತುದೀಗೆ ಬಂದಿತ್ತು. ಕೇಳಲಿಲ್ಲ. ನನ್ನದೇ ತಪ್ಪು ಮಗಾ. ಈಗ ಕೇಳ್ತಿದ್ದೀನಿ, ಕೊಡು."

ಮೆಷಿನ್ನು ನಿಂತಿತು. ಅವಳು ಕಾಗದ ಎಳೆದುಕೊಂಡು ಮೇಲಿನಿಂದ ಕೆಳಗೆ ಒಂದಕ್ಷರ ಬಿಡದೆ ಓದಿದಳು. ಓದಲು ಬರುವುದಿಲ್ಲ ಎಂದವಳು ಎರಡು ಕಾಗುಣಿತದ ತಪ್ಪು ಹುಡುಕಿ ತೋರಿಸಿದಳು. ಸಹಿ ಹಾಕಿದಳು. ಕೊರಳಿನ ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಕನ್ನಡಿಯ ಕಡೆ ತಿರುಗಿದೆ. ಕನ್ನಡಿಯಲ್ಲೂ ಅದೇ ಕಾಣುತ್ತಿತ್ತು.

ಗಂಟೆ ಮೂರು ಐವತ್ತು. ನಾನು ಕಾಗದ ಕಸಿದುಕೊಂಡು "ನಡೀರಿ ಸಾರ್, ಸಾಹೇಬರು ಬಂದಿರ್ತಾರೆ" ಎಂದೆ.

"ಇರಿ," ಎಂದಳು ಮಗಳು. "ಬೇಕರಿಯವರಿಗೂ ಪಂಕ್ಚರ್ ಅಂಗಡಿಯವರಿಗೂ ಬೇಡಿಕೆ ಬರ್ಕೊಂಡು ಹೋದ್ರಲ್ಲ ಅಪ್ಪಾ, ನನ್ನ ಹತ್ರ ಮಾತ್ರ ಬರಲೇ ಇಲ್ಲ. ನಂದೂ ಒಂದಿದೆ. ಬರ್ಕೊಳ್ಳಿ."

ಗುಮಾಸ್ತರು ಜೇಬಿನಿಂದ ಪೆನ್ನು ತೆಗೆದರು. ನಮೂನೆ ಮುಗಿದಿತ್ತು. ಬಟ್ಟೆ ಕತ್ತರಿಸಲು ಇಟ್ಟಿದ್ದ ಕಂದು ಕಾಗದವನ್ನೇ ಹಾಸಿಕೊಂಡು, ಗೆರೆ ಎಳೆದು, ಎರಡು ಕಲಂ ಮಾಡಿದರು.

"ಹೇಳು."

"ಹತ್ತನೇ ಕ್ಲಾಸು ಪರೀಕ್ಷೆಗೆ ಕೂರಬೇಕು. ನಾನು. ಹೊರಗಿನಿಂದ ಕಟ್ಟಬಹುದಂತೆ. ಪಾಠ ಮಾತ್ರ ಯಾರಾದ್ರೂ ಹೇಳ್ಕೊಡಬೇಕು."

ಅವರು ಬರೆಯತೊಡಗಿದರು. ಮೊದಲ ಅಕ್ಷರ ಸೊಟ್ಟಗೆ ಬಂತು. ಹೊಡೆದುಹಾಕಿ ಮತ್ತೆ ಬರೆದರು. ಅದೂ ಸೊಟ್ಟಗೆ ಬಂತು. ಬೀದಿಯ ಆ ತುದಿಯಲ್ಲಿ ಸಾಹೇಬರ ಗಾಡಿಯ ಹಾರ್ನ್ ಕೇಳಿಸಿತು.

"ಸಾರ್, ಆಮೇಲೆ ಬರೀಬಹುದು. ಸಾಹೇಬರು ಕಾಯ್ತಾರೆ," ಎಂದೆ.

"ಕಾಯಲಿ," ಎಂದರು ಬೇಡಬಿಡಿಯವರು, ತಲೆಯೆತ್ತದೆ. ಎಡಗಡೆಯ ಕಲಂ ಮುಗಿಸಿ ಬಲಗಡೆಗೆ ಬಂದರು. ಬೇಡಿಕೆ ಪೂರೈಸುವವರು ಎಂದು ಬರೆದು, ಅದರ ಕೆಳಗೆ ಪೆನ್ನು ಇಟ್ಟು ನಿಲ್ಲಿಸಿದರು. ಆಗ ತಲೆಯೆತ್ತಿ ನನ್ನನ್ನು ನೋಡಿದರು.

"ಮೇಡಂ, ದಿನಾ ಸಂಜೆ ನಿಮ್ಮದು ಒಂದು ಗಂಟೆ ಬೇಕು," ಎಂದರು.